ಬೈಕ್ ಬಿದ್ದ ಮೇಲೆ ಹ್ಯಾಂಡಲ್ ಓರೆಯಾಗಿದೆ, ಸಹಾಯ ಬೇಕು

ಮಳೆಗೆ ಮೆತ್ತಗಾಗಿದ್ದ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗಿ, ನಿಲ್ಲಿಸಿದ್ದ ಬೈಕ್ ಎಡಕ್ಕೆ ಉರುಳಿದೆ. ಪುಣ್ಯಕ್ಕೆ ಎಂಜಿನ್ನಿಗೆ ಪೆಟ್ಟಾಗಿಲ್ಲ, ಆಯಿಲ್ ಸೋರುತ್ತಿಲ್ಲ.

ಗೇರ್ ಪೆಡಲ್ ಒಳಕ್ಕೆ ಬಾಗಿ ಕವರಿಗೆ ತಾಗುತ್ತಿದೆ. ಅದು ಉಕ್ಕಿನದು, ಬಿಚ್ಚಿ ವೈಸ್‌ನಲ್ಲಿ (ಬಿಗಿಯಾಗಿ ಹಿಡಿದಿಡುವ ಸಾಧನ) ಹಿಡಿದು ನಿಧಾನವಾಗಿ ಬಗ್ಗಿಸಿದರೆ ಸರಿಹೋಗುತ್ತದೆ. ಕ್ಲಚ್ ಲಿವರ್ ಅಲ್ಯೂಮಿನಿಯಂ ಎರಕದ್ದು. ಬಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣುತ್ತಿದೆ, ಹಾಗಾಗಿ ಅದನ್ನು ನೆಟ್ಟಗೆ ಮಾಡುವ ಸಾಹಸ ಬೇಡ, ಹೊಸದನ್ನೇ ಹಾಕುತ್ತೇನೆ.

ನನ್ನ ನಿಜವಾದ ಚಿಂತೆ ಹ್ಯಾಂಡಲ್‌ನದು. ನೇರ ರಸ್ತೆಯಲ್ಲಿ ಹೋಗುವಾಗಲೂ ಅದು ತುಸು ಬಲಕ್ಕೆ ತಿರುಗಿಕೊಂಡೇ ಇರುತ್ತದೆ. ಹ್ಯಾಂಡಲ್ ಪೈಪ್ ಬಾಗಿದಂತೆ ಕಾಣುವುದಿಲ್ಲ. ಫೋರ್ಕ್‌ಗಳು (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಪೈಪ್‌ಗಳು) ಅವನ್ನು ಬಿಗಿಹಿಡಿಯುವ ಕ್ಲ್ಯಾಂಪಿನೊಳಗೆ ತಿರುಚಿಕೊಂಡಿರಬೇಕು ಎಂಬುದು ನನ್ನ ಅನುಮಾನ. ಕ್ಲ್ಯಾಂಪ್ ಮತ್ತು ಆಕ್ಸಲ್ (ಚಕ್ರದ ಅಚ್ಚು) ಬೋಲ್ಟ್‌ಗಳನ್ನು ಸಡಿಲಿಸಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ, ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬೋಲ್ಟ್ ಬಿಗಿಯುವ ಬಲದ ಅಳತೆ) ಬಿಗಿಯಬೇಕೆಂದಿದ್ದೇನೆ.

ಈ ಕೆಲಸವನ್ನು ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ: ಮೇಲಿನ ಕ್ಲ್ಯಾಂಪನ್ನೂ ಸಡಿಲಿಸಬೇಕೇ, ಕೆಳಗಿನದು ಸಾಕೇ? ಫೋರ್ಕ್ ಪೈಪೇ ಬಾಗಿದ್ದರೆ ಬಿಚ್ಚದೆ ಪತ್ತೆಹಚ್ಚುವುದು ಹೇಗೆ? ಎರಡೂ ಪೈಪ್‌ಗಳಿಗೆ ಅಡ್ಡಲಾಗಿ ಗಾಜಿನ ತುಂಡಿಟ್ಟು ಅವು ಸಮವಾಗಿವೆಯೇ ಎಂದು ನೋಡುವುದನ್ನು ನಂಬಬಹುದೇ? ಇದು ಖಚಿತವಾಗುವವರೆಗೆ ಬೈಕ್ ಓಡಿಸುವುದಿಲ್ಲ.