ಸರ್ ಚೀಫ್ ಗುಂಗು ಹಿಡಿದಿದೆ, ಅನುಭವ ಇದ್ದವರು ದಾರಿ ಹೇಳಿ

ಅಬುಧಾಬಿಯಿಂದ ಕೇಳಿದ್ದು:

ನಾನು ಕುಂದಾಪುರದ ಕಡೆಯವಳು. ಇಲ್ಲಿ ಒಂದು ಲ್ಯಾಬ್‌ನಲ್ಲಿ ಕೆಲಸ. ರೂಮ್‌ಮೇಟ್ ಫಿಲಿಪ್ಪೀನ್ಸ್‌ನವಳು. ಎರಡು ತಿಂಗಳ ಹಿಂದೆ ಅವಳು ಊಟ ಮಾಡುತ್ತಾ ಮೊಬೈಲ್‌ನಲ್ಲಿ ಅವರ ಕಡೆಯ ಹಳೆಯ ಸೀರಿಯಲ್ ಒಂದನ್ನು ಹಾಕಿಕೊಂಡಿದ್ದಳು, 'ಬಿ ಕೇರ್‌ಫುಲ್ ವಿತ್ ಮೈ ಹಾರ್ಟ್'. ಅದರ ನಾಯಕನೇ ಈ ಸರ್ ಚೀಫ್. ಸುಮ್ನೆ ಇಣುಕಿದೆ. ಈಗ 90ನೇ ಎಪಿಸೋಡ್‌ನಲ್ಲಿದ್ದೇನೆ. ರಾತ್ರಿ ಎರಡಾದರೂ ಮಲಗುವುದಿಲ್ಲ, ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಸಬ್‌ಟೈಟಲ್ ಇಲ್ಲ. ಅವಳು ಅರ್ಥ ಹೇಳುತ್ತಾಳೆ, ನಾನು ಅರ್ಧ ಊಹಿಸುತ್ತೇನೆ. ಮುಂದಿನ ತಿಂಗಳು ಅವಳು ರಜೆಗೆ ಊರಿಗೆ ಹೊರಟಿದ್ದಾಳೆ. ಆಮೇಲೆ ಒಬ್ಬಳೇ ನೋಡಲು ಆಗುತ್ತದಾ? ಇದು ಮುಗಿದರೆ ಮುಂದೆ ಯಾವುದು ನೋಡಲಿ? "ನಮ್ ಸೀರಿಯಲ್ ಕಂಡ್ರೆ ಮೂಗು ಮುರೀತಿದ್ದೋಳು ನೀನು" ಅಂತ ಅಮ್ಮ ಫೋನಿನಲ್ಲಿ ದಿನಾ ಕಾಲೆಳೆಯುತ್ತಾಳೆ. ನಿಮಗೂ ಹೀಗಾಗಿದ್ಯಾ?

ದುಬೈಯಿಂದ, ಹದಿನಾಲ್ಕು ವರ್ಷದಿಂದ ನರ್ಸ್:

ಆಗಿದೆ ತಂಗಿ. ಅದೂ ಇದೇ ಸೀರಿಯಲ್‌ನಿಂದ.

2013ರಲ್ಲಿ ನಾನು ಕರಾಮದಲ್ಲಿ ಬೆಡ್‌ಸ್ಪೇಸ್‌ನಲ್ಲಿದ್ದೆ. ಒಂದು ಹಾಲ್, ಮಂಚದಿಂದ ಮಂಚಕ್ಕೆ ಪರದೆ, ಆರು ಜನ. ಅದರಲ್ಲಿ ನಾಲ್ವರು ಫಿಲಿಪ್ಪೀನ್ಸ್‌ನವರು. ಸಂಜೆ ಡ್ಯೂಟಿ ಮುಗಿಸಿ ಬಂದು ಅವರು 'ತುಯೊ' ಹುರಿಯುತ್ತಿದ್ದರು. ತುಯೊ ಅಂದರೆ ನಮ್ಮ ಒಣಮೀನೇ. ನಿಜ ಹೇಳಬೇಕಂದರೆ ನಾನು ಮೊದಲ ದಿನ ಪರದೆ ಸರಿಸಿ ಹೊರಗೆ ಬಂದದ್ದು ಆ ವಾಸನೆಗೆ, ಸೀರಿಯಲ್‌ಗಲ್ಲ. ತಟ್ಟೆ ಕೈಗೆ ಕೊಟ್ಟು ಕೂರಿಸಿದರು. ಟಿವಿಯಲ್ಲಿ ನಾಯಕಿ ಮಾಯಾ ಬಾಯಿ ಮುಚ್ಚದೆ ಮಾತಾಡುತ್ತಿದ್ದಳು. ಎದುರಿಗೆ ಕೋಟು ಹಾಕಿದ ಮನುಷ್ಯನೊಬ್ಬ ಗಂಭೀರವಾಗಿ ನಿಂತು ಕೇಳುತ್ತಿದ್ದ. ಅಷ್ಟೇ ಸೀನ್. ನಾಲ್ವರೂ ದಿಂಬು ಬಡಿದು ಕಿರುಚಿದರು. ಏನಾಯಿತು ಅಂತ ನಾನು ಗಾಬರಿಯಾದೆ. "ನಗು ಬರ್ತಿತ್ತು ಅವನಿಗೆ, ತಡ್ಕೊಂಡ, ನೋಡ್ಲಿಲ್ವಾ?" ಅಂದಳು ಪಕ್ಕದವಳು.

ಇದಕ್ಕೆ ಅವರಲ್ಲಿ 'ಕಿಲಿಗ್' ಅನ್ನುತ್ತಾರೆ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿದ ಪದ. ನಮ್ಮಲ್ಲಿ ಹತ್ತಿರದ್ದು ಯಾವುದು ಅಂತ ತುಂಬಾ ಯೋಚಿಸಿದ್ದೇನೆ. ಪುಳಕ ಅಂದರೆ ಪದ್ಯದ ಮಾತಾಯಿತು. ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗೆ ಅಂದರೆ ಸರಿಹೋಗುತ್ತದೆ. ಪ್ರೀತಿ ಮಾಡುವವರಿಗೆ ಮಾತ್ರ ಆಗುವುದಲ್ಲ ಅದು, ನೋಡುತ್ತಾ ಕೂತವರಿಗೂ ಆಗುತ್ತದೆ. ಇಡೀ ಸೀರಿಯಲ್ ನಡೆಯುವುದೇ ಅದರ ಮೇಲೆ.

ಹೊಸಬರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಹಳ್ಳಿ ಹುಡುಗಿ ಮಾಯಾಗೆ ಗಗನಸಖಿ ಆಗುವ ಆಸೆ. ಮನಿಲಾಗೆ ಬರುತ್ತಾಳೆ, ಅಂದುಕೊಂಡದ್ದು ನಡೆಯುವುದಿಲ್ಲ, ಒಬ್ಬ ಶ್ರೀಮಂತ ವಿಧುರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅವನೇ ರಿಚರ್ಡ್ ಲಿಮ್, ಅವಳ ಬಾಯಲ್ಲಿ 'ಸರ್ ಚೀಫ್'. ಮೂರು ಮಕ್ಕಳು. ಚಿಕ್ಕವಳು ಆಬಿ ತಾಯಿ ಸತ್ತಮೇಲೆ ಮಾತು ನಿಲ್ಲಿಸಿದ್ದಾಳೆ. ಮಾಯಾ ಆಗಿ ನಟಿ ಜೋಡಿ ಸ್ಟಾ. ಮರಿಯಾ, ಸರ್ ಚೀಫ್ ಆಗಿ ರಿಚರ್ಡ್ ಯಾಪ್. ಇಷ್ಟೇ ಕೇಳಿದರೆ ನಮ್ಮಲ್ಲಿ ನೂರು ಸಲ ನೋಡಿದ ಕಥೆ ಅನಿಸುತ್ತದೆ, ಅಲ್ವಾ? 'ಜೊತೆ ಜೊತೆಯಲಿ' ನೋಡಿದವರಿಗಂತೂ ಶ್ರೀಮಂತ ಹಿರಿಯ, ಬಡ ಮನೆಯ ಹುಡುಗಿ ಹೊಸದೇನಲ್ಲ. ಆದರೆ ಇಲ್ಲಿ ಸಂಚು, ವಿಷ, ಮಿಂಚು ಜಾಸ್ತಿ ಇಲ್ಲ. ಅಡುಗೆಮನೆ, ಮಕ್ಕಳ ಹೋಮ್‌ವರ್ಕ್, ಮೇಜಿನ ಮೇಲೆ ಬಿಸಿ ಅನ್ನ. ಕೈ ಕೈಗೆ ತಾಗುವುದಕ್ಕೆ ವಾರಗಟ್ಟಲೆ ಕಾಯಿಸುತ್ತಾರೆ. ತಾಗಿದ ಮೇಲೆ ನಮ್ಮವರ ಹಾಗೆ ಮೂರು ಕಡೆಯಿಂದ ಮೂರು ಸಲ ಮುಖ ತೋರಿಸುವುದಿಲ್ಲ.

ಇನ್ನೊಂದು ಮಾತು. ನಮ್ಮ ಆ ಹಾಲ್‌ನಲ್ಲಿ ಒಬ್ಬಳ ಅಕ್ಕ ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸಕ್ಕಿದ್ದಳು, ಇನ್ನೊಬ್ಬಳ ಚಿಕ್ಕಮ್ಮ ಕುವೈತ್‌ನಲ್ಲಿ. ಮೂರನೆಯವಳು ನಾಲ್ಕು ವರ್ಷದ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬಂದವಳು. ಆಬಿ ಮೊದಲ ಸಲ ಬಾಯಿ ಬಿಟ್ಟು ಮಾತಾಡಿದ ದಿನ ಆಕೆ ಎದ್ದು ಬಾತ್‌ರೂಮಿಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಯಾರೂ ಏನೂ ಕೇಳಲಿಲ್ಲ. ನಾನೂ ಊರಲ್ಲಿ ಮಗನನ್ನು ಬಿಟ್ಟು ಬಂದವಳೇ. ಇಷ್ಟು ಜನ ಸೇರಿ ಒಬ್ಬ ಕೆಲಸದ ಹುಡುಗಿಗೆ ಒಳ್ಳೆಯದಾಗಲಿ ಅಂತ ಕಾಯುತ್ತಿದ್ದರಲ್ಲ, ನನ್ನನ್ನು ಹಿಡಿದದ್ದು ಅದು. ಸರ್ ಚೀಫ್ ಆಮೇಲೆ.

ಈಗ ನಿಮ್ಮ ನಿದ್ದೆ ವಿಷಯ. ಎಪಿಸೋಡ್ ಮುಗಿದ ಮೇಲೆ ನಿಲ್ಲಿಸುತ್ತೇನೆ ಅಂದುಕೊಂಡರೆ ನಿಲ್ಲಿಸಲು ಆಗುವುದಿಲ್ಲ, ಏಕೆಂದರೆ ಗಾಳ ಇಟ್ಟಿರುವುದೇ ಕೊನೆಯಲ್ಲಿ. ಮಧ್ಯದಲ್ಲಿ ನಿಲ್ಲಿಸಿ. ಮಾಯಾ ಪಾತ್ರೆ ತೊಳೆಯುತ್ತಿದ್ದಾಳೆ, ಏನೂ ಆಗುತ್ತಿಲ್ಲ, ಅಲ್ಲೇ ಫೋನ್ ಮಗುಚಿಡಿ. ನಾಳೆ ಅಲ್ಲಿಂದ ಶುರು. ಇದು 2012ರ ಜುಲೈನಿಂದ 2014ರ ನವೆಂಬರ್‌ವರೆಗೆ, ವಾರಕ್ಕೆ ಐದು ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ ಬರುತ್ತಿದ್ದ ಸೀರಿಯಲ್. 600ಕ್ಕೂ ಹೆಚ್ಚು ಕಂತು. ದಿನಕ್ಕೊಂದು ಅಂತ ಅಳೆದು ಮಾಡಿದ್ದು. ಹೋಳಿಗೆ ರುಚಿಯಾಗಿದೆ ಅಂತ ಒಂದೇ ಸಲ ಹದಿನೈದು ತಿಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಇನ್ನು ಮದುವೆ ಆಗುತ್ತದಾ ಇಲ್ಲವಾ ಅಂತ ಹುಡುಕಲು ಹೋಗಬೇಡಿ. ಪಾತ್ರದ ಹೆಸರು ಟೈಪ್ ಮಾಡಿದರೆ ಸಾಕು, ಎಲ್ಲ ಬಯಲಾಗುತ್ತದೆ.

ದಾವಣಗೆರೆಯಿಂದ, ಡಾಕ್ಟರ್:

ನಾನು ದಾವಣಗೆರೆಯಿಂದ ಫಿಲಿಪ್ಪೀನ್ಸ್‌ನ ದಾವಾವೊಗೆ ಹೋಗಿ ಎಂಬಿಬಿಎಸ್‌ಗೆ ಸಮನಾದ ಕೋರ್ಸ್ ಓದಿದವನು. (ಹೌದು, ಊರಲ್ಲಿ ಎಲ್ಲರೂ ಈ ಹೆಸರಿನ ಜೋಕ್ ಮಾಡಿ ಮುಗಿಸಿದ್ದಾರೆ.) ದಾವಾವೊದಲ್ಲಿ ಬೀದಿಯ ಮಾತು ಬಿಸಾಯಾ, ಟಿವಿಯ ಮಾತು ಟಗಾಲೊಗ್. ಬೀದಿಯದನ್ನು ಬೀದಿಯಲ್ಲಿ ಕಲಿತೆ, ಟಗಾಲೊಗ್ ಕಲಿಸಿದ್ದು ನನ್ನ ಬಾಡಿಗೆ ಮನೆಯ ಅಜ್ಜಿಯ ಸೀರಿಯಲ್.

ಸಬ್‌ಟೈಟಲ್ ಇಲ್ಲ ಅಂತ ಹೆದರಬೇಡಿ. ಮೊದಲನೆಯದಾಗಿ ಅವರು ಮಾತಾಡುವುದರಲ್ಲಿ ಇಂಗ್ಲಿಷ್ ಬೇಕಾದಷ್ಟಿದೆ, ನಮ್ಮ ಬೆಂಗಳೂರು ಕನ್ನಡದ ಹಾಗೆಯೇ. ಟ್ಯಾಗ್ಲಿಷ್ ಅನ್ನುತ್ತಾರೆ. ಆಮೇಲೆ ನಮಗೆ ಗೊತ್ತಿರುವ ಪದಗಳೇ ವೇಷ ಹಾಕಿಕೊಂಡು ಕೂತಿವೆ. 'ಮುಖಾ' ಅಂದರೆ ಮುಖವೇ. 'ಗುರೊ' ಮೇಷ್ಟ್ರು. 'ಬಲಿತಾ' ಅಂದರೆ ಸುದ್ದಿ, ನಮ್ಮ ವಾರ್ತೆ. 'ಪಗ್-ಅಸಾ' ಭರವಸೆ, ಅದರೊಳಗಿನ ಅಸಾ ನಮ್ಮ ಆಸೆ. ಸಂಸ್ಕೃತದ ಮಾತುಗಳು ಸಾವಿರ ವರ್ಷದಷ್ಟು ಹಿಂದೆಯೇ ಮಲಯ, ಜಾವಾ ಕಡೆಯಿಂದ ಆ ದ್ವೀಪಗಳಿಗೆ ಹೋಗಿವೆ. ನನಗೆ ಅತಿ ಇಷ್ಟವಾದದ್ದು 'ಸಿಂತಾ'. ಪ್ರೀತಿ, ಪ್ರೀತಿಸಿದವಳು ಅಂತ ಅರ್ಥ. ಮೂಲ ಯಾವುದು ಗೊತ್ತಾ? ಚಿಂತಾ. ನಾವು ಚಿಂತೆ ಮಾಡುತ್ತಾ ಕೂತೆವು, ಅವರು ಅದನ್ನೇ ಪ್ರೀತಿ ಮಾಡಿಕೊಂಡರು.

ಆ ಆಸೆಯಿಂದಲೇ ಇನ್ನೊಂದು ಪದ ಮಾಡಿಕೊಂಡಿದ್ದಾರೆ, 'ಪಾಸಾ'. ಆಸೆ ಹುಟ್ಟಿಸಿ ಕೈಕೊಡುವವನು. ಸೀರಿಯಲ್ ನೋಡುವಾಗ ಈ ಬೈಗುಳ ಜಾಸ್ತಿ ಬೇಕಾಗುತ್ತದೆ.

ಮಾಯಾ ಮಾತಿನಲ್ಲಿ ಪದೇಪದೇ 'ಪೊ' ಕೇಳಿಸುತ್ತದೆ ನೋಡಿ. ಅದು ನಮ್ಮ 'ರೀ' ಇದ್ದ ಹಾಗೆ, ಗೌರವಕ್ಕೆ. ಯಾರು ಯಾರಿಗೆ ಪೊ ಅನ್ನುತ್ತಿದ್ದಾರೆ, ಯಾವಾಗ ಅದು ಬಿಟ್ಟುಹೋಯಿತು ಅಂತ ಕಿವಿಗೊಡಿ. ಅರ್ಧ ಕಥೆ ಅಲ್ಲೇ ಸಿಗುತ್ತದೆ. ನಮ್ಮಲ್ಲಿ 'ನೀವು' ಹೋಗಿ 'ನೀನು' ಆದಾಗ ಮನೆಯವರೆಲ್ಲ ಕತ್ತೆತ್ತಿ ನೋಡುವುದಿಲ್ಲವಾ, ಹಾಗೆ.

ಮುಂದೆ ಏನು ಅಂತ ಕೇಳಿದ್ದೀರಿ. 'ಮರಿಯಾ ಕ್ಲಾರಾ ಅಟ್ ಇಬಾರಾ' ನೋಡಿ, 2022ರದ್ದು. ಅಲ್ಲಿ ಪ್ರತಿ ಕಾಲೇಜು ಹುಡುಗರೂ ಅವರ ರಾಷ್ಟ್ರನಾಯಕ, ಲೇಖಕ ಹೊಸೆ ರಿಸಾಲ್ ಬಗ್ಗೆ ಓದಲೇಬೇಕು ಅಂತ 1956ರಿಂದ ಕಾನೂನಿದೆ. ಇವತ್ತಿನ ಕಾಲದ ನರ್ಸಿಂಗ್ ವಿದ್ಯಾರ್ಥಿನಿ ಕ್ಲೇಗೆ ಆ ಕ್ಲಾಸ್ ಅಂದರೆ ಬೇಸರ. ಒಂದು ದಿನ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯೊಳಗೇ ಹೋಗಿ ಬೀಳುತ್ತಾಳೆ! ಸ್ಪೇನಿನವರ ಆಳ್ವಿಕೆಯ ಕಾಲ, ಪಾದ್ರಿಗಳ ದರ್ಬಾರು. ಮಜಾ ಏನಂದರೆ ಕಾದಂಬರಿಯ ನಾಯಕ ನಾಯಕಿಗಿಂತ ಕ್ಲೇ ಮತ್ತು ನಾಯಕನ ಗೆಳೆಯ ಫಿದೆಲ್‌ನ ಜಗಳಕ್ಕೇ ಜನ ಹುಚ್ಚಾದರು. ನೀವು ನರ್ಸ್, ಲ್ಯಾಬ್ ಕಡೆಯವರು ತಾನೆ, ಕ್ಲೇ ನಿಮಗೆ ಖಂಡಿತ ಹಿಡಿಸುತ್ತಾಳೆ. ಒಂದು ನೂರು ಕಂತುಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ಮೈಸೂರಿನಿಂದ, ರಿಟೈರ್ ಆದವರು:

ಎಲ್ಲಾ ಸೀರಿಯಲ್ಲೂ ಒಂದೇ ಕಣಮ್ಮ. ನನ್ನ ಸೊಸೆ ತೋರಿಸಿದ್ದಳು. ಆಸ್ಪತ್ರೆಯಲ್ಲಿ ಮಗು ಅದಲುಬದಲು, ಕೆನ್ನೆಗೆ ಏಟು, ಖಳನಾಯಕಿಯ ಹುಬ್ಬು. ಊರು ಬೇರೆ, ಹುಬ್ಬು ಅದೇ.

ದುಬೈಯಿಂದ, ಅದೇ ನರ್ಸ್:

ಸರ್, ಸುಳ್ಳಲ್ಲ. 1992ರ 'ಮಾರಾ ಕ್ಲಾರಾ' ಅದಲುಬದಲಾದ ಮಕ್ಕಳ ಕಥೆಯೇ, ನಾಲ್ಕೂವರೆ ವರ್ಷ ಎಳೆದರು. ಅಲ್ಲಿ ಖಳನಾಯಕಿಗೆ 'ಕೊಂತ್ರಬಿದಾ' ಅನ್ನುತ್ತಾರೆ, ಜನ ಅವಳಿಗೂ ಅಭಿಮಾನಿಗಳು. ಆದರೆ ಎಲ್ಲವೂ ಹಾಗಿಲ್ಲ.

ಏಟು, ಹುಬ್ಬು ಬೇಕು ಅನ್ನುವವರು 'ಪಂಗಾಕೊ ಸಾ ಯೊ' ನೋಡಿ. 2000ದಲ್ಲಿ ಶುರುವಾದದ್ದು. ಆಗಿನ ಕಾಲಕ್ಕೆ ಚೀನಾ, ಮಲೇಷ್ಯಾ, ಆಫ್ರಿಕಾದವರೆಗೂ ಹೋಗಿತ್ತು. ಮನೆಕೆಲಸದ ಹುಡುಗಿ ಆಮೊರ್, ಯಜಮಾನರ ಮಗನಿಂದ ಮೋಸಹೋಗಿ, ಮುಂದೆ ಹಣವಂತೆಯಾಗಿ ಸೇಡಿಗೆ ವಾಪಸ್ ಬರುತ್ತಾಳೆ. ಇಲ್ಲಿ ಒಂದು ಚಂದದ ಸಂಗತಿ ಇದೆ. ನಿಮ್ಮ ಮಾಯಾ, ಅಂದರೆ ನಟಿ ಜೋಡಿ, ಆ ಮೊದಲ ಸರಣಿಯಲ್ಲಿ ಒಂದು ಪೋಷಕ ಪಾತ್ರ ಮಾಡಿದ್ದಳು. 2015ರಲ್ಲಿ ಮತ್ತೆ ತೆಗೆದಾಗ ಆಮೊರ್ ಆದವಳೂ ಅವಳೇ. ಅದಕ್ಕೆ ಮರುವರ್ಷ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಗೆ ಅವಳ ನಾಮನಿರ್ದೇಶನವೂ ಆಯಿತು. ಮಾಯಾಳ ಮುಗ್ಧ ಮುಖ ನೋಡಿ ಅಭ್ಯಾಸವಾದ ಮೇಲೆ ಆಮೊರ್‌ನ ಕಣ್ಣು ನೋಡಿದರೆ ಇಬ್ಬರೂ ಒಬ್ಬಳೇನಾ ಅನಿಸುತ್ತದೆ.

ಸಿಂಗಾಪುರದಿಂದ, ಚಿಕ್ಕಮಗಳೂರಿನವಳು:

ನನ್ನದು ಸಲಹೆಗಿಂತ ಎಚ್ಚರಿಕೆ. ನಾನು 'ಫಾರೆವರ್‌ಮೋರ್' (2014–15) ಹುಚ್ಚಿ. ಬೆಟ್ಟದ ಮೇಲೆ ಸ್ಟ್ರಾಬೆರಿ ಬೆಳೆಯುವ ಆಗ್ನೆಸ್, ಹೋಟೆಲ್ ಮಾಲೀಕರ ಹಾಳಾದ ಮಗ ಝ್ಯಾಂಡರ್. ಪಾತ್ರ ಮಾಡಿದ್ದು ಲೀಝಾ ಸೊಬೆರಾನೊ, ಎನ್ರಿಕೆ ಗಿಲ್. ಮಂಜು, ತೋಟ, ತಗಡಿನ ಮನೆ ಎಲ್ಲ ನೋಡಿ ನನಗೆ ಊರೇ ಕಂಡಹಾಗಾಯಿತು. ಚಿತ್ರೀಕರಣ ನಡೆದದ್ದು ಬಗಿಯೊ ಪಕ್ಕದ ತುಬಾದಲ್ಲಿ, ಸ್ಯಾಂಟೊ ಟೊಮಾಸ್ ಬೆಟ್ಟದ ಮೇಲೆ. ಸೀರಿಯಲ್ ಓಡಿದ್ದೇ ತಡ, ಜನ ಬೆಟ್ಟಕ್ಕೆ ಮುಗಿಬಿದ್ದರು. ಅದು ನೀರಿನ ಮೂಲವಿರುವ ಮೀಸಲು ಕಾಡು. ಕಸ, ಗಾಡಿ, ಗದ್ದಲ ಜಾಸ್ತಿಯಾಗಿ ಕೊನೆಗೆ ಪ್ರವಾಸಿಗರನ್ನು ತಡೆಯಬೇಕಾಯಿತು. ಶನಿವಾರ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳ ಸಾಲು ನೋಡಿ ಬೆಳೆದವಳು ನಾನು, ಬೈದುಕೊಂಡೆ. ಆಮೇಲೆ ನಾನೂ ಟಿಕೆಟ್ ಬೆಲೆ ನೋಡಿಟ್ಟಿದ್ದೆ ಅಂತ ನೆನಪಾಯಿತು. ಹೋಗಲಿಲ್ಲ ಬಿಡಿ.

ಇನ್ನೊಂದು, ಜೋಡಿಗಳನ್ನು ನಂಬಬೇಡಿ. ಅಲ್ಲಿ ಇಬ್ಬರನ್ನು ಸೇರಿಸಿ 'ಲವ್ ಟೀಮ್' ಅಂತ ವರ್ಷಗಟ್ಟಲೆ ನಡೆಸುತ್ತಾರೆ, ಹೆಸರನ್ನೂ ಬೆಸೆದುಬಿಡುತ್ತಾರೆ. ಜೇಮ್ಸ್ ರೀಡ್, ನಡೀನ್ ಲಸ್ಟರ್ ಸೇರಿದರೆ 'ಜೇಡೀನ್'. 'ಆನ್ ದಿ ವಿಂಗ್ಸ್ ಆಫ್ ಲವ್' ಅವರದ್ದು, ಗ್ರೀನ್ ಕಾರ್ಡ್‌ಗೋಸ್ಕರ ಮದುವೆಯಾಗಿ ಆಮೇಲೆ ಪ್ರೀತಿಗೆ ಬೀಳುವ ಕಥೆ. ಆರೇಳು ತಿಂಗಳಲ್ಲಿ ಮುಗಿದ ಸೀರಿಯಲ್, ಖಂಡಿತ ನೋಡಿ. ಆದರೆ 2020ರ ಜನವರಿಯಲ್ಲಿ ಅವರಿಬ್ಬರೂ ನಿಜಜೀವನದಲ್ಲಿ ಬೇರೆಯಾದ ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಮಂಕಾಗಿ ಕೂತಿದ್ದೆ. ಮ್ಯಾನೇಜರ್ ಯಾರಾದರೂ ಹೋಗಿಬಿಟ್ಟರಾ ಅಂತ ಕೇಳಿದರು. ಏನಂತ ಹೇಳಲಿ?

ದಾವಣಗೆರೆಯಿಂದ, ಮತ್ತೆ:

ಒಂದು ಬಿಟ್ಟಿದ್ದೆ. ಕಳ್ಳ ಸೈಟುಗಳಿಗೆ ಹೋಗಬೇಡಿ, ವೈರಸ್ ಗ್ಯಾರಂಟಿ. ಇವುಗಳಲ್ಲಿ ಬಹುಪಾಲನ್ನು ಮಾಡಿದ ಟಿವಿ ಕಂಪನಿ ಎಬಿಎಸ್-ಸಿಬಿಎನ್ ಪರವಾನಗಿ ಸಿಗದೆ 2020ರ ಮೇ 5ರಂದು ಪ್ರಸಾರ ನಿಲ್ಲಿಸಬೇಕಾಯಿತು. ಆಮೇಲೆ ಅವರು ಆನ್‌ಲೈನ್ ಕಡೆಗೇ ಜಾಸ್ತಿ ವಾಲಿದರು. ಅವರ ಸ್ವಂತ ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲು ಹುಡುಕಿ. ಒಂದು ದೇಶದಲ್ಲಿ ಕಾಣುವುದು ಇನ್ನೊಂದು ದೇಶದಲ್ಲಿ ಕಾಣದೆ ಇರಬಹುದು.

ಅಬುಧಾಬಿಯಿಂದ, ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಮಧ್ಯದಲ್ಲಿ ನಿಲ್ಲಿಸುವ ಉಪಾಯ ನಿನ್ನೆ ಮಾಡಿ ನೋಡಿದೆ, ಹನ್ನೊಂದಕ್ಕೇ ಮಲಗಿದೆ. ಸಿಂತಾ ಅಂದರೆ ಚಿಂತೆ ಅಂತ ರೂಮ್‌ಮೇಟ್‌ಗೆ ಹೇಳಿದೆ. ಬಿದ್ದು ಬಿದ್ದು ನಕ್ಕು, ಅದು ಮೊದಲೇ ಗೊತ್ತಿದ್ದರೆ ಹಳೇ ಹುಡುಗನನ್ನು ಆಗಲೇ ಬಿಡುತ್ತಿದ್ದೆ ಅಂದಳು.

ಒಂದು ಏರ್ಪಾಟು ಆಗಿದೆ. ಅವಳ ಊರು ನಮಗಿಂತ ನಾಲ್ಕು ಗಂಟೆ ಮುಂದೆ. ಇಲ್ಲಿ ಸಂಜೆ ಆರಕ್ಕೆ ನಾನು ಡ್ಯೂಟಿ ಮುಗಿಸಿ ಬಂದರೆ ಅಲ್ಲಿ ರಾತ್ರಿ ಹತ್ತು. ಬೋಟಿಮ್ ಆ್ಯಪ್‌ನಲ್ಲಿ ಕಾಲ್ ಹಾಕಿ ಇಬ್ಬರೂ ಒಟ್ಟಿಗೆ ಪ್ಲೇ ಒತ್ತುವುದು, ದಿನಕ್ಕೆ ಒಂದೇ. ಅವಳಮ್ಮನೂ ಕೂರುತ್ತಾರಂತೆ. 2012ರಲ್ಲಿ ಮಗಳು ಮೊದಲ ಸಲ ವಿದೇಶಕ್ಕೆ ಹೋದಾಗ ಮಧ್ಯಾಹ್ನ ಒಬ್ಬರೇ ಕೂತು ನೋಡಿದ್ದು ಇದನ್ನೇ ಅಂತೆ. ಮುಂದಿನ ಕಥೆಯೆಲ್ಲ ಅವರಿಗೆ ಗೊತ್ತು. ಕೇಳಿದರೆ ಹೇಳುವುದಿಲ್ಲವಂತೆ, ಬರೀ ನಗುತ್ತಾರಂತೆ.