ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿದ್ದು ವೇಯ್ಟ್ ಎತ್ತುವವರು ಯಾವ ಪರೀಕ್ಷೆ, ಯಾವಾಗ ಮಾಡಿಸ್ತೀರಿ?

ಮುಳ್ಳೇರಿಯ 57:
ನನಗೆ 57. ಕಾಲೇಜು ದಿನಗಳಿಂದಲೂ ಬಾರ್‌ಬೆಲ್ ಎತ್ತುತ್ತಿದ್ದೇನೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ನೋಡಿದ ಟೆಸ್ಟೋಸ್ಟೆರಾನ್ 241 ಮತ್ತು 228 ಬಂತು, ಎರಡೂ ಕಡಿಮೆ. ಮೂರು ತಿಂಗಳಿಗೊಮ್ಮೆ ಕೊಡುವ, ನಿಧಾನಕ್ಕೆ ರಕ್ತಕ್ಕೆ ಸೇರುವ ಡಿಪೋ ಇಂಜೆಕ್ಷನ್ ಶುರು ಮಾಡುವ ಅಂದಿದ್ದಾರೆ ಡಾಕ್ಟ್ರು. ಬಿಪಿಗೆ ಒಂದು ಮಾತ್ರೆ ಉಂಟು. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು, ಅದೇ ದೊಡ್ಡ ಹೆದರಿಕೆ. ಏನೆಲ್ಲ ಟೆಸ್ಟ್ ಬೇಕು, ಎಷ್ಟು ಖರ್ಚು, ಕಾಸರಗೋಡಿನಲ್ಲೇ ಆಗ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉಪ್ಪಳ ಸ್ಕ್ವಾಟ್:
ಪಿಸಿವಿ ನೋಡಿ ಮಾರಾಯ್ರೆ, ಅಂದರೆ ರಕ್ತದಲ್ಲಿ ಕೆಂಪುಕಣ ಶೇಕಡಾ ಎಷ್ಟು ಅಂತ. ಉಳಿದದ್ದೆಲ್ಲ ಆಮೇಲೆ.

ನನಗೆ 62. ಎನಾಂಥೇಟ್ ಅನ್ನುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ 250 ಚುಚ್ಚಿಸಿಕೊಳ್ಳುವ ಮೊದಲು ಪಿಸಿವಿ 46 ಇತ್ತು. ಐದು ತಿಂಗಳಿಗೆ 55.6 ಆಯ್ತು. ಸ್ಕ್ವಾಟ್ ಮುಗಿಸಿ ಬಾರ್ ಇಟ್ಟರೆ ಮುಖ ಕೆಂಪು, ತಲೆ ಧಿಮ್ ಅನ್ನುತ್ತಿತ್ತು. ರಿಪೋರ್ಟಿನಲ್ಲಿ ಆ ಸಂಖ್ಯೆಯ ಪಕ್ಕ ಒಂದು ಸಣ್ಣ 'ಎಚ್' (ಹೈ, ಜಾಸ್ತಿ ಅಂತ) ಬಿಟ್ಟರೆ ಬೇರೆ ಸೂಚನೆಯೇ ಇಲ್ಲ. ಇಂಜೆಕ್ಷನ್ ಕೊಡುತ್ತಿದ್ದ ಕ್ಲಿನಿಕ್ಕಿನವರು "ಹಿಮೋಗ್ಲೋಬಿನ್ ಜಾಸ್ತಿ ಇರುವುದು ಒಳ್ಳೆಯದೇ ಅಲ್ವಾ" ಅಂದರು! 54 ದಾಟಿದರೆ ಔಷಧ ನಿಲ್ಲಿಸಬೇಕು, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಶುರು ಮಾಡಬೇಕು ಅಂತ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಉಂಟು. ರಕ್ತ ದಪ್ಪ ಆದರೆ ಹೆಪ್ಪುಗಟ್ಟುವ ಭಯ. ಅದನ್ನು ಓದದವರು ಸಿರಿಂಜ್ ಹಿಡಿಯಬಾರದು.

ರಕ್ತದಾನ ಮಾಡಿ ಇಳಿಸುವ ಅಂತ ಹೋದೆ. ಬಿಪಿ ನೋಡಿ ವಾಪಸ್ ಕಳಿಸಿದರು. ಕೊನೆಗೆ ಡಾಕ್ಟರ ಚೀಟಿ ತಂದು ದುಡ್ಡು ಕೊಟ್ಟು ರಕ್ತ ತೆಗೆಸಿದೆ. ಅದಕ್ಕೆ 1,100, ರಕ್ತರೋಗ ತಜ್ಞರ ಫೀಸು 700, ಕೆಂಪುಕಣ ಹೆಚ್ಚಿಸುವ ಹಾರ್ಮೋನ್ ಎರಿತ್ರೊಪೊಯೆಟಿನ್‌ನ ಟೆಸ್ಟಿಗೆ 1,900, ರಿಕ್ಷಾ ಬಾಡಿಗೆ ಬೇರೆ. ಆಮೇಲೆ ಜೆಲ್‌ಗೆ ಬದಲಾಯಿಸಿದೆ. ಈಗ ಪಿಸಿವಿ 48, 49ರಲ್ಲೇ ನಿಂತಿದೆ. ಜೆಲ್‌ನಲ್ಲಿ ಪಿಸಿವಿ ಏರುವುದು ಇಂಜೆಕ್ಷನ್‌ಗಿಂತ ಕಡಿಮೆ. ಹೆಗಲಿಗೆ ಹಚ್ಚಿ, ಒಣಗಿಸಿ, ಅಂಗಿ ಹಾಕಿ, ಕೈ ಸೋಪು ಹಾಕಿ ತೊಳೆದೇ ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ. ಮಕ್ಕಳ ಮೈಗೆ ತಾಗಬಾರದು, ನೆನಪಿರಲಿ.

ಬದಿಯಡ್ಕ ಡೆಡ್‌ಲಿಫ್ಟ್:
ನಮ್ಮ ಊರಿನ ಸೆಕೆಗೆ ಜೆಲ್ಲಾ? ಹಚ್ಚಿ ತೋಟಕ್ಕೆ ಇಳಿದರೆ ಅರ್ಧ ಗಂಟೆಯಲ್ಲಿ ಬೆವರಿನ ಜೊತೆ ಹೋಗ್ತದೆ. ನಾನು ಡಿಪೋದಲ್ಲೇ ಇದ್ದೇನೆ, ಚೆನ್ನಾಗಿದ್ದೇನೆ. ಎಣ್ಣೆಯ ಇಂಜೆಕ್ಷನ್ ಅದು, ನಿಧಾನಕ್ಕೆ ಎರಡು ನಿಮಿಷ ಹಿಡಿದು ಕೊಡಬೇಕು. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಉಸಿರಾಟದ ತೊಂದರೆ ಬರಬಹುದು. ಮಟ್ಟ ನೋಡುವುದು ಮುಂದಿನ ಡೋಸಿನ ಮೊದಲು. ಚುಚ್ಚಿದ ವಾರವೇ ಟೆಸ್ಟ್ ಮಾಡಿಸಿ 1,000 ಬಂತು ಅಂತ ಕುಣಿಯುವವರನ್ನು ಕಂಡು ಸಾಕಾಗಿದೆ.

ನನ್ನ ದುಡ್ಡು ಹೋದದ್ದು ಲಿವರಿನಲ್ಲಿ. ಭಾರದ ಡೆಡ್‌ಲಿಫ್ಟ್ ಮಾಡಿದ ಮರುದಿನ ಬೆಳಗ್ಗೆಯೇ ರಕ್ತ ಕೊಡಲು ಹೇಳಿದ್ದರು. ಲಿವರಿಗೆ ನೋಡುವ ಎಎಸ್‌ಟಿ 98, ಎಎಲ್‌ಟಿ 71, ಕಿಡ್ನಿಗೆ ನೋಡುವ ಕ್ರಿಯಾಟಿನಿನ್ 1.5, ಮೂರೂ ಜಾಸ್ತಿ. ವ್ಯಾಯಾಮದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ, ನೇರ "ಕುಡಿಯುತ್ತೀರಾ?" ಅಂತ ಕೇಳಿದರು. ಜನ್ಮದಲ್ಲಿ ಮುಟ್ಟಿದವನಲ್ಲ ನಾನು. ಹೆಪಟೈಟಿಸ್ ಬಿ, ಸಿ ಎರಡಕ್ಕೂ ಸೇರಿ 1,300, ಹೊಟ್ಟೆಯ ಸ್ಕ್ಯಾನ್ 1,200, ಫೈಬ್ರೋಸ್ಕ್ಯಾನ್ 3,500, ಕಿಡ್ನಿ ಡಾಕ್ಟರಿಗೆ 800. ಕೊನೆಗೆ ಮಂಗಳೂರಿನಲ್ಲಿ ಒಬ್ಬರು ಯುವ ಡಾಕ್ಟ್ರು ಲಿವರಿನ ಜಿಜಿಟಿ, ಸ್ನಾಯುವಿನ ಸಿಕೆ ಟೆಸ್ಟ್ ಬರೆದುಕೊಟ್ಟರು. ಜಿಜಿಟಿ ನಾರ್ಮಲ್, ಸಿಕೆ 1,900. ಅಂದರೆ ಎಎಸ್‌ಟಿ ಬಂದದ್ದು ಲಿವರಿನಿಂದ ಅಲ್ಲ, ಸ್ನಾಯುವಿನಿಂದ. ಕಿಡ್ನಿಯ ಇನ್ನೊಂದು ಟೆಸ್ಟ್ ಸಿಸ್ಟಾಟಿನ್ ಸಿ ಮಾಡಿಸಿದ ಮೇಲೆ ಕಿಡ್ನಿಯೂ ಸರಿ ಅಂತಾಯ್ತು. ಸ್ನಾಯು ಜಾಸ್ತಿ ಇದ್ದವರಿಗೆ, ಕ್ರಿಯಾಟಿನ್ ಪುಡಿ ತಿನ್ನುವವರಿಗೆ ಕ್ರಿಯಾಟಿನಿನ್ ಮೇಲೆಯೇ ಇರ್ತದೆ. ಟೆಸ್ಟಿನ ಮೊದಲು ನಾಲ್ಕೈದು ದಿನವಾದರೂ ಭಾರ ಮುಟ್ಟಬೇಡಿ. ಇದನ್ನು ಲ್ಯಾಬಿನ ಗೋಡೆಯಲ್ಲಿ ಬರೆದು ಅಂಟಿಸಬೇಕು.

ಕುಂಬಳೆ ಮಾಷ್ಟ್ರು:
ನಾನು ಟೆಸ್ಟೋಸ್ಟೆರಾನ್ ಚಿಕಿತ್ಸೆಯನ್ನೇ ಬಿಟ್ಟವನು. ಬಿಟ್ಟದ್ದಕ್ಕೆ ಹೆಮ್ಮೆ ಉಂಟು.

ಮನೆಯ ಬಿಪಿ ಮೆಷಿನ್‌ನಲ್ಲಿ ಸಂಖ್ಯೆಯ ಬದಿಯಲ್ಲಿ ಹೃದಯದ ಸಣ್ಣ ಚಿತ್ರ ಮಿನುಗಲು ಶುರುವಾಯ್ತು. ಬ್ಯಾಟರಿ ಹಾಕಿ ನೋಡಿದೆ, ಹೆಂಡತಿಯ ಕೈಗೆ ಕಟ್ಟಿ ನೋಡಿದೆ. ಅವಳಿಗೆ ಬರಲಿಲ್ಲ, ನನಗೆ ಮಾತ್ರ ಬರುತ್ತಿತ್ತು. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಬಡಿತ ತಾಳ ತಪ್ಪುವುದು. ಇಸಿಜಿ 250, ಎಕೋ 1,800, ಇಡೀ ದಿನ ಬಡಿತ ದಾಖಲಿಸುವ ಹೋಲ್ಟರ್ 2,600. ಈಗ ರಕ್ತ ತೆಳು ಮಾಡುವ ಮಾತ್ರೆಗೆ ತಿಂಗಳಿಗೆ ಸಾವಿರಕ್ಕೆ ಮೇಲೆ. ಗೊರಕೆಯೂ ಜಾಸ್ತಿ ಆಗಿತ್ತು. ನಿದ್ದೆಯ ಪರೀಕ್ಷೆಗೆ 7,500 ಕೊಟ್ಟೆ, ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ಅಂತ ಬಂತು. ಅದಕ್ಕೆ ಮಲಗುವಾಗ ಗಾಳಿ ಕೊಡುವ ಮೆಷಿನ್‌ಗೆ 42,000. ಟೆಸ್ಟೋಸ್ಟೆರಾನ್ ಕೊಡುವ ಮೊದಲು "ಗೊರಕೆ ಉಂಟಾ?" ಅಂತ ಕೇಳಿದವರು ಯಾರೂ ಇಲ್ಲ.

ಹೃದಯಕ್ಕೆ ಎಂತ ಆಗುವುದಿಲ್ಲ ಅನ್ನುವವರು ಟೆಸ್ಟೋಸ್ಟೆರಾನ್ ಜೆಲ್ ಮತ್ತು ಹೃದಯದ ಬಗ್ಗೆ 2023ರಲ್ಲಿ ಬಂದ ಟ್ರಾವರ್ಸ್ ಅಧ್ಯಯನವನ್ನು ಪೂರ್ತಿ ಓದಿ. 45ರಿಂದ 80ರ ಪ್ರಾಯದ ಐದು ಸಾವಿರಕ್ಕೂ ಹೆಚ್ಚು ಜನ ಇದ್ದರು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಆಗಲಿಲ್ಲ, ಸರಿ. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಔಷಧ ಇಲ್ಲದ ಹುಸಿ ಜೆಲ್ ಹಚ್ಚಿದವರಲ್ಲಿ ಶೇ 2.4, ನಿಜವಾದ್ದು ಹಚ್ಚಿದವರಲ್ಲಿ ಶೇ 3.5. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಜಾಸ್ತಿ.

ಉಪ್ಪಳ ಸ್ಕ್ವಾಟ್:
ಮಾಷ್ಟ್ರೆ, ನಿಮ್ಮ ಬಗ್ಗೆ ಗೌರವ ಉಂಟು. ಆದರೆ ಒಬ್ಬ ಮನುಷ್ಯನ ಹೃದಯ ಇಟ್ಟುಕೊಂಡು ಎಲ್ಲರನ್ನೂ ಹೆದರಿಸಬೇಡಿ. ಗೊರಕೆ ಮೊದಲೇ ಇದ್ದರೆ ಫಿಬ್ರಿಲೇಷನ್ ಅದರಿಂದಲೂ ಬರ್ತದೆ. ಮತ್ತೆ ಆ ಅಧ್ಯಯನ ಜೆಲ್‌ನದ್ದು. ಇಂಜೆಕ್ಷನ್‌ನವರು ಅದನ್ನು ತೋರಿಸಿ "ನಮಗೂ ಅಪಾಯ ಇಲ್ಲ" ಅಂತ ಹೇಳುವ ಹಾಗಿಲ್ಲ.

ಬದಿಯಡ್ಕ ಡೆಡ್‌ಲಿಫ್ಟ್:
ಹಾಗಾದರೆ ಆ ಫಿಬ್ರಿಲೇಷನ್ ಬಂದದ್ದೂ ಜೆಲ್ ಹಚ್ಚಿದವರಿಗೇ ಅಲ್ವಾ? ನಿಮಗೆ ಬೇಕಾದ ಅರ್ಧ ಮಾತ್ರ ಓದುತ್ತೀರಿ.

ಕುಂಬಳೆ ಮಾಷ್ಟ್ರು:
ಹೆದರಿಸುವುದು ಅಂದರೆ ಏನು? ನನಗೆ ಆದದ್ದನ್ನು ಹೇಳಲಿಕ್ಕೂ ನಿಮ್ಮ ಅಪ್ಪಣೆ ಬೇಕಾ?

ಹೊಸಂಗಡಿ ಮಾಸ್ಟರ್ಸ್:
ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ನಾನು 60ರ ಮೇಲಿನವರ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವವನು, ಔಷಧ ಇಲ್ಲದೆ. ಟೆಸ್ಟೋಸ್ಟೆರಾನ್ ವಾಡಾ, ಅಂದರೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆಯ ಪಟ್ಟಿಯಲ್ಲಿ ಸದಾ ನಿಷಿದ್ಧ, ಸ್ಪರ್ಧೆ ಇಲ್ಲದ ದಿನವೂ. ಡಾಕ್ಟರ ಚೀಟಿ ಇದ್ದರೆ ಸಾಲದು, ವಿನಾಯಿತಿ ಪತ್ರ ಬೇಕು. ಪ್ರಾಯದಿಂದ ಇಳಿದದ್ದಕ್ಕೆ ಅದು ಸಿಗುವುದಿಲ್ಲ. ವೃಷಣದಲ್ಲೋ ಪಿಟ್ಯುಟರಿಯಲ್ಲೋ ರೋಗ ಇರಬೇಕು. ಜೆಲ್ ಹಚ್ಚಿಕೊಂಡು ಬಂದು ನನ್ನ ಪಕ್ಕ ಪದಕ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಎದೆ ಉರಿಯುತ್ತದೆ.

ಉಪ್ಪಳ ಸ್ಕ್ವಾಟ್:
ಯಾರಿಗೆ ಹೇಳ್ತಿದ್ದೀರಿ? ನಾನು ಸ್ಪರ್ಧೆ ಬಿಟ್ಟು ಎಷ್ಟೋ ವರ್ಷ ಆಯ್ತು. ಇದು ಚಿಕಿತ್ಸೆ, ಕಳ್ಳತನ ಅಲ್ಲ.

ಹೊಸಂಗಡಿ ಮಾಸ್ಟರ್ಸ್:
ನಿಮ್ಮ ಹೆಸರು ಹೇಳಿದೆನಾ? ಸಿಟ್ಟು ಯಾಕೆ ಬರ್ತದೆ ಮತ್ತೆ?

ಪೆರ್ಲದವಳು:
ಅಣ್ಣಂದಿರೇ, ಒಂದು ನಿಮಿಷ. ಮುಳ್ಳೇರಿಯದವರು ಕೇಳಿದ್ದು ಅಪ್ಪನ ಕ್ಯಾನ್ಸರಿನ ವಿಷಯ. ಅದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ.

ನಾನು ಭಾರ ಎತ್ತುವವಳಲ್ಲ, ನಮ್ಮ ಯಜಮಾನರು ಎತ್ತುತ್ತಾರೆ. ಅವರ ರಿಪೋರ್ಟ್ ಬರೆದಿಡುವ ಪುಸ್ತಕ ನನ್ನ ಹತ್ತಿರ. ಅವರ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಅಪ್ಪ, ಅಣ್ಣತಮ್ಮಂದಿರಿಗೆ ಇದ್ದರೆ ಪಿಎಸ್‌ಎ (ಪ್ರಾಸ್ಟೇಟಿಗೆ ನೋಡುವ ರಕ್ತಪರೀಕ್ಷೆ) 4ರವರೆಗೆ ಕಾಯುವುದಲ್ಲ. 3 ದಾಟಿದ್ದರೆ ಔಷಧ ಶುರು ಮಾಡುವ ಮೊದಲೇ ಯುರಾಲಜಿಸ್ಟ್ ನೋಡಬೇಕು. ಇವರಿಗೆ 1.2 ಇತ್ತು, ಶುರು ಮಾಡಿದರು. ಮೊದಲ ವರ್ಷದೊಳಗೆ 1.4ಕ್ಕಿಂತ ಜಾಸ್ತಿ ಏರಿದರೆ ಮತ್ತೊಮ್ಮೆ ಮಾಡಿಸಿ ಖಾತ್ರಿ ಮಾಡಿ, ಯುರಾಲಜಿಸ್ಟ್ ಹತ್ತಿರ ಹೋಗಬೇಕು. ಇವರದ್ದು ಆರನೇ ತಿಂಗಳಿಗೆ 2.9 ಆಯ್ತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಟೆಸ್ಟಿನ ಹಿಂದಿನ ದಿನ ಸೈಕಲ್ ತುಳಿದಿದ್ದರು, ಮೂತ್ರದ ಸೋಂಕೂ ಇತ್ತು. ಸೋಂಕು ಗುಣವಾಗಿ ಕೆಲವು ವಾರ ಕಳೆದು ನೋಡಿದಾಗ 1.5. ಪಿಎಸ್‌ಎ 750, ಮೂತ್ರದ ಕಲ್ಚರ್ 600, ಎಂಆರ್‌ಐಗೆ ಬರೆದಿದ್ದರು 9,000, ಅದು ಬೇಕಾಗಲಿಲ್ಲ. ಕೂದಲಿಗೆ ಫಿನಾಸ್ಟರೈಡ್ ತಿನ್ನುವವರು ಅದನ್ನೂ ಹೇಳಬೇಕು. ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸಿ ತೋರಿಸ್ತದೆ.

ನಾವು ಮಾಮೂಲು ಟೆಸ್ಟನ್ನೆಲ್ಲ ಇಲ್ಲೇ ಮಾಡಿಸುವುದು. ಯುರಾಲಜಿಸ್ಟ್ ಮಾತ್ರ ಮಂಗಳೂರಿನಲ್ಲಿ.

ಬದಿಯಡ್ಕ ಡೆಡ್‌ಲಿಫ್ಟ್:
ಎಲ್ಲದಕ್ಕೂ ಮಂಗಳೂರು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜು ಉಂಟು, ಪೆರ್ಲದಿಂದ ಎಷ್ಟು ದೂರ?

ಪೆರ್ಲದವಳು:
ದೂರ ನನಗೆ ಗೊತ್ತುಂಟು. ನಮಗೆ ಬೇಕಾದ ಸ್ಪೆಷಲಿಸ್ಟ್ ಯಾವತ್ತು ಸಿಗುತ್ತಾರೆ ಅಂತ ಹೇಳಿ.

ಕುಂಬಳೆ ಮಾಷ್ಟ್ರು:
2020ರಲ್ಲಿ ಕೋವಿಡ್ ಅಂತ ಗಡಿಯ ತಲಪಾಡಿಯಲ್ಲಿ ಕರ್ನಾಟಕದವರು ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದವರ ಗತಿ ಏನಾಯ್ತು ನೋಡಿದ್ದೇವೆ. ಡಯಾಲಿಸಿಸ್‌ನವರು ದಾರಿಯಲ್ಲೇ ಉಳಿದರು. ಆ ಏಪ್ರಿಲ್‌ನಲ್ಲೇ ಉಕ್ಕಿನಡ್ಕ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಇಲ್ಲಿ ಸವಲತ್ತು ಬೇಕು ಅಂತ ಕೇಳುವುದು ಬಿಟ್ಟು ಮಂಗಳೂರಿನ ಬಸ್ಸು ಹತ್ತುವುದೇ ನಮಗೆ ಅಭ್ಯಾಸ.

ಉಪ್ಪಳ ಸ್ಕ್ವಾಟ್:
ನನಗೆ ಮಂಗಳೂರೇ ಹತ್ತಿರ ಮಾಷ್ಟ್ರೆ. ಅಲ್ಲಿ ಕನ್ನಡದಲ್ಲಿ ಮಾತಾಡ್ತಾರೆ, ನನ್ನ ಕಾಯಿಲೆ ನನ್ನ ಮಾತಿನಲ್ಲಿ ಹೇಳ್ತೇನೆ. ಅದೂ ಚಿಕಿತ್ಸೆಯೇ ಅಲ್ವಾ?

ಮುಳ್ಳೇರಿಯ 57:
ಎಲ್ಲರಿಗೂ ಥ್ಯಾಂಕ್ಸ್. ಪೆರ್ಲದ ಅಕ್ಕಾ, ನನ್ನ ಪಿಎಸ್‌ಎ 3.3 ಅಂತ ಉಂಟು, ಹಳೆಯ ರಿಪೋರ್ಟ್ ಈಗ ತೆಗೆದು ನೋಡಿದೆ. ಡಾಕ್ಟ್ರು "4ರ ಒಳಗೆ, ತೊಂದರೆ ಇಲ್ಲ" ಅಂದಿದ್ದರು. ಇಂಜೆಕ್ಷನ್ ಗುರುವಾರಕ್ಕೆ ಬರೆದಿದ್ದಾರೆ.

ಪೆರ್ಲದವಳು:
ಗುರುವಾರದ್ದು ಮುಂದೆ ಹಾಕಿ ಅಣ್ಣಾ. ಮೊದಲು ಯುರಾಲಜಿಸ್ಟ್. ಅಪ್ಪನಿಗೆ ಯಾವ ಪ್ರಾಯದಲ್ಲಿ ಆಯ್ತು ಅಂತ ಬರೆದುಕೊಂಡು ಹೋಗಿ, ಅದನ್ನು ಕೇಳ್ತಾರೆ.

ಉಪ್ಪಳ ಸ್ಕ್ವಾಟ್:
ಪಿಸಿವಿ ಎಷ್ಟು ಅಂತ ಹೇಳಲೇ ಇಲ್ಲ ನೀವು.