ರಿಪೋರ್ಟ್‌ನಲ್ಲಿ ‘ಕನೆಕ್ಸಿನ್ 26’ ಅಂತ ಬರೆದಿದೆ, ಏನದು?

ಪ್ರಶ್ನೆ (ಚಿಂತಾಮಣಿ ಕಡೆಯ ತಾಯಿ): ನಮಸ್ತೆ ಮೇಡಂ. ನನ್ನ ಮಗಳಿಗೆ ಹದಿನಾಲ್ಕು ತಿಂಗಳು. ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು. ಜಿಜೆಬಿ2, ಕನೆಕ್ಸಿನ್ 26, ಡಬ್ಲ್ಯೂ24ಎಕ್ಸ್, ಎರಡೂ ಪ್ರತಿಯಲ್ಲಿ ಇದೆ ಅಂತ ಬರೆದಿದ್ದಾರೆ. ‘ಗ್ಯಾಪ್ ಜಂಕ್ಷನ್ ತೊಂದರೆ’ ಎಂದು ಹೇಳಿ ಕಳಿಸಿದರು, ಅಷ್ಟೇ. ನಾನು ಸೋದರಮಾವನನ್ನೇ ಮದುವೆಯಾಗಿರುವುದು. ನಮ್ಮ ಅಜ್ಜಿ, ಈಗ ಅತ್ತೆಯೂ ಅವರೇ, ‘ಬಸುರಿಯಲ್ಲಿ ಗ್ರಹಣದ ದಿನ ಈಳಿಗೆಮಣೆ ಮುಂದೆ ಕೂತೆ, ಅದಕ್ಕೇ ಹೀಗಾಯ್ತು’ ಅನ್ನುತ್ತಾರೆ. ನಮ್ಮಿಬ್ಬರಿಗೂ ಕಿವಿ ಚೆನ್ನಾಗಿದೆ. ಮತ್ತೆ ತಪ್ಪು ಎಲ್ಲಾಯಿತು?

ಉತ್ತರ (ಕಿವಿ-ಮೂಗು-ಗಂಟಲು ಡಾಕ್ಟರ್, ಕೋಲಾರ): ನೋಡಮ್ಮ, ಮೊದಲು ಈಳಿಗೆಮಣೆಯನ್ನು ಪಕ್ಕಕ್ಕಿಡೋಣ. ಅದರದ್ದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ.

ಹಳೇ ವಠಾರ ನೋಡಿರುತ್ತೀರಿ. ಎರಡು ಮನೆಗೆ ಒಂದೇ ಗೋಡೆ. ಅದರಲ್ಲೊಂದು ಕಿಂಡಿ ಇದ್ದರೆ ಬೀದಿಗೆ ಇಳಿಯದೆ ಉಪ್ಪು, ಸಕ್ಕರೆ ಇಸ್ಕೊಳ್ಳಬಹುದು. ದೇಹದ ಜೀವಕೋಶಗಳೂ ಹಾಗೇ. ದೂರದ ಕೋಶಕ್ಕೆ ಸುದ್ದಿ ಮುಟ್ಟಿಸಲು ರಕ್ತಕ್ಕೆ ಹಾರ್ಮೋನ್ ಬಿಡಬೇಕು. ಪಕ್ಕದ ಕೋಶಕ್ಕಾದರೆ ಈ ಕಿಂಡಿ ಸಾಕು. ಅದೇ ಗ್ಯಾಪ್ ಜಂಕ್ಷನ್.

ಕಿಂಡಿಯ ಇಟ್ಟಿಗೆ ಕನೆಕ್ಸಿನ್ ಎಂಬ ಪ್ರೋಟೀನ್. ಆರು ಕನೆಕ್ಸಿನ್ ದುಂಡಗೆ ನಿಂತರೆ ಅರ್ಧ ಕೊಳವೆ. ಇನ್ನರ್ಧ ಪಕ್ಕದ ಕೋಶದ್ದು. ಎರಡೂ ಬಾಯಿಗೆ ಬಾಯಿ ಕೂತರೆ ಮಾತ್ರ ದಾರಿ. ಅಲ್ಲಿ ಎರಡು ಕೋಶಗಳ ನಡುವೆ 2ರಿಂದ 4 ನ್ಯಾನೋಮೀಟರ್ ಅಂತರ, ಅಷ್ಟೇ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಗ್ಲೂಕೋಸ್‌ನಂಥವು, ಅಂದರೆ ಸುಮಾರು 1,000 ಡಾಲ್ಟನ್ (ಅಣುವಿನ ತೂಕದ ಅಳತೆ) ಒಳಗಿನವು, ದಾಟುತ್ತವೆ. ದೊಡ್ಡ ಪ್ರೋಟೀನ್‌ಗಳು ದಾಟುವುದಿಲ್ಲ. ಕಿಂಡಿಯಲ್ಲಿ ಉಪ್ಪು ಹೋಗುತ್ತೆ, ರುಬ್ಬುಗುಂಡು ಹೋಗಲ್ಲ ಅಲ್ವಾ?

ಈಗ ಕಿವಿ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಶಬ್ದ ಬಂದಾಗ ಅಲ್ಲಿನ ಕೂದಲು ಕೋಶಗಳಿಗೆ ಪೊಟ್ಯಾಸಿಯಂ ನುಗ್ಗುತ್ತದೆ. ಅದರಿಂದಲೇ ನರಕ್ಕೆ ಸುದ್ದಿ ಹೋಗುವುದು. ಆಮೇಲೆ ಆ ಪೊಟ್ಯಾಸಿಯಂ ಅಲ್ಲಿಂದ ಜಾಗ ಬಿಡಬೇಕು. ಸುತ್ತಲಿನ ಆಸರೆ ಕೋಶಗಳು ಅದನ್ನು ಕಿಂಡಿಯಿಂದ ಕಿಂಡಿಗೆ ದಾಟಿಸಿ ಮತ್ತೆ ಕಾಕ್ಲಿಯಾದ ದ್ರವಕ್ಕೆ ಸೇರಿಸುತ್ತವೆ ಎನ್ನುವುದು ಬಹಳ ಕಾಲದಿಂದ ಇರುವ ವಿವರಣೆ. ಕಾಕ್ಲಿಯಾ ಸರಿಯಾಗಿ ಬೆಳೆಯುವುದಕ್ಕೂ ಈ ಕಿಂಡಿಗಳು ಬೇಕು.

ಕನೆಕ್ಸಿನ್ 26 ಅಂದರೆ 226 ಮಣಿಗಳ ಸರ ಅಂದುಕೊಳ್ಳಿ. ಮಣಿ ಅಂದರೆ ಅಮೈನೋ ಆಮ್ಲ. ಡಬ್ಲ್ಯೂ24ಎಕ್ಸ್ ಇದ್ದರೆ 24ನೇ ಮಣಿಯ ಜಾಗದಲ್ಲೇ ‘ನಿಲ್ಲಿಸು’ ಎಂದು ಬರೆದಿರುತ್ತದೆ. ಸರ ಅಲ್ಲಿಗೇ ತುಂಡು. ಕಿಂಡಿ ಕಟ್ಟುವುದು ಯಾವುದರಿಂದ?

ಈ ಸರ ಪೋಣಿಸುವ ಸೂಚನೆ ಇರುವ ಜೀನ್‌ನ ಹೆಸರೇ ಜಿಜೆಬಿ2. ಅದು ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ. ನಿಮ್ಮಿಬ್ಬರಲ್ಲೂ ತಲಾ ಒಂದು ಸರಿ, ಒಂದು ಕೆಟ್ಟದ್ದು ಇರಬೇಕು. ಒಂದು ಸರಿ ಇದ್ದರೂ ಕಿವಿ ಕೇಳುತ್ತದೆ. ಮಗುವಿಗೆ ಎರಡೂ ಕೆಟ್ಟದ್ದೇ ಬಂದಿವೆ. ಹತ್ತಿರದ ಸಂಬಂಧದಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಜಾಸ್ತಿ. ಹಾಗೆ ನೋಡಿದರೆ ಅದು ಅಜ್ಜಿಯಿಂದಲೇ ಬಂದಿರಬಹುದು! ಇದನ್ನು ಅವರ ಮುಂದೆ ಹೇಳಬೇಡಿ, ಮನೆಯಲ್ಲಿ ಸುಮ್ನೆ ರಾದ್ಧಾಂತ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ, ಮಾಲೂರು): ಮೇಡಂ, ಕಿಂಡಿ ಕಿವಿಯಲ್ಲಿ ಮಾತ್ರನಾ? ಪಕ್ಕದ ಕೋಶ ಸತ್ತರೆ ಇದಕ್ಕೂ ತೊಂದರೆ ಅಲ್ವಾ?

ಉತ್ತರ: ದೇಹದ ತುಂಬಾ ಇವೆ. ಹೃದಯದಲ್ಲಿ ಕನೆಕ್ಸಿನ್ 43 ಜಾಸ್ತಿ. ವಿದ್ಯುತ್ ಅಲೆ ಕೋಶದಿಂದ ಕೋಶಕ್ಕೆ ಹರಿಯುವುದರಿಂದಲೇ ಹೃದಯ ಒಟ್ಟಾಗಿ ಬಡಿಯುತ್ತದೆ. ಹೆರಿಗೆ ಹತ್ತಿರ ಬಂದಾಗ ಗರ್ಭಕೋಶದಲ್ಲೂ ಕಿಂಡಿಗಳು ಹೆಚ್ಚುತ್ತವೆ. ನಿನ್ನ ಎರಡನೇ ಪ್ರಶ್ನೆ ಚೆನ್ನಾಗಿದೆ ಕಣಪ್ಪ. ಕೋಶಕ್ಕೆ ಗಾಯವಾದರೆ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ಕಿಂಡಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಾವು ಕಿಂಡಿ ಮುಚ್ಚಿಕೊಳ್ಳಲ್ವಾ, ಹಾಗೆ.

ಪ್ರಶ್ನೆ (ರೀಲರ್, ಶಿಡ್ಲಘಟ್ಟ): ನಮ್ಮ ರೇಷ್ಮೆ ಹುಳಕ್ಕೂ ಇದೆಯಾ ಮೇಡಂ?

ಉತ್ತರ: ಇದೆ. ಆದರೆ ಇಟ್ಟಿಗೆ ಬೇರೆ, ಇನ್ನೆಕ್ಸಿನ್ ಅಂತ. ಅದು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಪ್ಲಾಸ್ಮೋಡೆಸ್ಮಾಟಾ. ಅದೂ ಕಿಂಡಿಯೇ, ಕಟ್ಟಡ ಮಾತ್ರ ಪೂರ್ತಿ ಬೇರೆ.

ಪ್ರಶ್ನೆ (ಅದೇ ತಾಯಿ): ಓದಿ ಅತ್ತುಬಿಟ್ಟೆ ಮೇಡಂ. ಇನ್ನೊಂದು ಮಗು ಆದರೆ ಅದಕ್ಕೂ ಹೀಗೇನಾ? ಇವಳಿಗೆ ಮಾತು ಬರುತ್ತಾ?

ಉತ್ತರ: ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಮುಂದಿನ ಮಗುವಿಗೆ ಮೊದಲು ನೀವಿಬ್ಬರೂ ಪರೀಕ್ಷೆ ಮಾಡಿಸಿ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ.

ಇವಳ ವಿಷಯದಲ್ಲಿ ತಡ ಮಾಡಬೇಡಿ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕಿವಿಯ ನರ ಚೆನ್ನಾಗಿರುತ್ತದೆ. ಹಾಗಾಗಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ವಿದ್ಯುತ್ ಸಾಧನ, ಒಳ್ಳೆಯ ಫಲ ಕೊಡುತ್ತದೆ. ಅದು ಕಿಂಡಿಯ ಗೊಡವೆಯೇ ಇಲ್ಲದೆ ನೇರ ನರವನ್ನು ಎಬ್ಬಿಸುತ್ತದೆ. ಚಿಕ್ಕ ವಯಸ್ಸಿನಲ್ಲೇ ಹಾಕಿಸಿ, ಮಾತಿನ ತರಬೇತಿ ಬಿಡದೆ ಕೊಡಿಸಿದರೆ ಮಾತು ಬರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಣ್ಣ ಮಕ್ಕಳಿಗೆ ಉಚಿತವಾಗಿ ಹಾಕುತ್ತಾರೆ, ಅಲ್ಲೇ ವಿಚಾರಿಸಿ. ಹೋಗುವಾಗ ಈ ರಿಪೋರ್ಟ್ ಜೊತೆಗೆ ಬೇರಾ ಟೆಸ್ಟ್‌ನ (ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ) ಕಾಗದವನ್ನೂ ಇಟ್ಟುಕೊಳ್ಳಿ. ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಮಗುವಿನ ಜೊತೆ ಅವರೇ ಜಾಸ್ತಿ ಮಾತಾಡಬೇಕಾಗುತ್ತದೆ.